ಎತ್ತಿನ ಗಾಡಿಯಿಂದ ಪಿಕಪ್‌ವರೆಗೆ: ಯಲ್ದೂರಿನ ಐದು ಲೆಕ್ಕದ ಪುಸ್ತಕಗಳು

2025ರ ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ, ಒಂದು ಭಾನುವಾರ ಬೆಳಿಗ್ಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಯಲ್ದೂರಿನವನು. ಕೈಯಲ್ಲಿ ಒಂದು ಚೀಲ ಬಾದಾಮಿ ಹಣ್ಣು, ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಐದು ಉದ್ದನೆಯ ಲೆಕ್ಕದ ಪುಸ್ತಕಗಳು. ಹಣ್ಣನ್ನು ನನ್ನ ಪತ್ನಿಯ ಕೈಗೆ ಕೊಟ್ಟು, ಪುಸ್ತಕಗಳನ್ನು ನನ್ನ ಮುಂದಿಟ್ಟು, "ಸಾರ್, ಹಳೇ ಪಿಕಪ್ ಕೊಟ್ಟುಬಿಟ್ಟೆ. ಹದಿನೇಳು ವರ್ಷದ ಲೆಕ್ಕ ಇದು. ಮನೆಯಲ್ಲಿ ರದ್ದಿಗೆ ಹಾಕೋಣ ಅಂದರು. ನೀವು ಚರಿತ್ರೆ ಮೇಷ್ಟ್ರಲ್ಲವಾ, ನಿಮಗಿರಲಿ ಅಂತ ತಂದೆ" ಎಂದ.

ನನಗೆ ನಗು ಬಂದಿತು. ಅವನು ನಗಲಿಲ್ಲ. ಎಂಟನೆಯ ತರಗತಿಯಲ್ಲಿ ಇತಿಹಾಸದ ಆಧಾರಗಳು ಎಂಬ ಪಾಠ ಮಾಡುವಾಗ, ಶಿಲಾಶಾಸನ, ತಾಮ್ರಪಟ, ನಾಣ್ಯಗಳ ಜೊತೆಗೆ ಅಂಗಡಿಯ ಲೆಕ್ಕದ ಚೀಟಿಯೂ ನೂರು ವರ್ಷ ಕಳೆದರೆ ಆಧಾರವೇ ಆಗುತ್ತದೆ ಎಂದು ನಾನು ಹೇಳಿದ್ದೆನಂತೆ. ನನಗೆ ನೆನಪಿಲ್ಲ. ಹಿಂದಿನ ಬೆಂಚಿನಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತಿರುತ್ತಿದ್ದ ಅವನಿಗೆ ನೆನಪಿದೆ.

ಆ ಐದು ಪುಸ್ತಕಗಳನ್ನು ಎರಡು ತಿಂಗಳ ಕಾಲ ನಿಧಾನವಾಗಿ ಓದಿದೆ. ಓದಿದ ಮೇಲೆ ನಮ್ಮ ಸೀಮೆಯ ಸಾಗಾಣಿಕೆಯ ಚರಿತ್ರೆಯನ್ನು ನನಗೆ ತಿಳಿದಷ್ಟು ಬರೆದಿಡಬೇಕೆನಿಸಿತು. ಅದರ ಜೊತೆಗೆ ನನ್ನದೊಂದು ತಪ್ಪನ್ನೂ ಬರೆಯಬೇಕಾಗಿದೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ಅವನಿಗೆ ತಿಳಿಯುತ್ತದೆ, ಅವನ ತರಗತಿಯವರಿಗೂ ತಿಳಿಯಬಹುದು.

ಶ್ರೀನಿವಾಸಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಯಲ್ದೂರು ಒಂದು. ಹೊರಗಿನ ಬಂಧುಗಳಿಗಾಗಿ ಒಂದು ಮಾತು: ಶ್ರೀನಿವಾಸಪುರಕ್ಕೆ ಮೊದಲಿದ್ದ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕೆ ಇಟ್ಟರು. ನಮ್ಮಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೆರೆ, ಬಾವಿ, ಆಮೇಲೆ ಕೊಳವೆ ಬಾವಿ. ಮಳೆಯನ್ನು ನಂಬಿ ಬದುಕುವ ಮರವೆಂದು ನಮ್ಮ ಹಿರಿಯರು ಮಾವನ್ನು ನೆಟ್ಟರು. ಬಾದಾಮಿ, ರಸಪುರಿ, ನೀಲಂ, ಬೇನಿಷಾ, ಎಲ್ಲಕ್ಕಿಂತ ಹೆಚ್ಚಾಗಿ ತೋತಾಪುರಿ. ಹೊಗಳಗೆರೆಯ ಮಾವಿನ ಕ್ಷೇತ್ರವನ್ನು ಶಾಲಾ ಪ್ರವಾಸದಲ್ಲಿ ನೋಡಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಮಾವು ಬೆಳೆಯುವುದು ಒಂದು ಕಷ್ಟ, ಹಣ್ಣಾಗಿ ಕೊಳೆಯುವುದರೊಳಗೆ ಅದನ್ನು ಕೊಳ್ಳುವವನ ಬಳಿಗೆ ಮುಟ್ಟಿಸುವುದು ಇನ್ನೊಂದು ಕಷ್ಟ. ಮೊದಲನೆಯದನ್ನು ಕುರಿತು ಬಹಳ ಜನ ಬರೆದಿದ್ದಾರೆ. ಎರಡನೆಯದರ ಚರಿತ್ರೆ ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ.

ನನ್ನ ಬಾಲ್ಯದಲ್ಲಿ, ಅಂದರೆ 1960ರ ದಶಕದ ಕೊನೆಯಲ್ಲಿ, ಈ ಕೆಲಸ ಎತ್ತಿನ ಗಾಡಿಯದು. ಸಂಜೆ ಹುಲ್ಲು ಹಾಸಿ, ಕಾಯಿ ತುಂಬಿ, ಅಚ್ಚಿನ ಕೆಳಗೆ ಲಾಟೀನು ಕಟ್ಟಿ ಹೊರಟರೆ, ಎತ್ತುಗಳಿಗೆ ದಾರಿ ಗೊತ್ತಿದ್ದುದರಿಂದ ಗಾಡಿಯವನು ನಿದ್ದೆ ಹೋಗಬಹುದಿತ್ತು. ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದ ಚಿಕ್ಕ ರೈಲು ನಮಗೆ ದೊಡ್ಡ ಬೆರಗು. 1910ರ ದಶಕದಲ್ಲಿ ಹಾಕಿದ ಆ ಎರಡೂವರೆ ಅಡಿ ಅಗಲದ ಹಳಿ ಮುಂದೆ ಮುಚ್ಚಿಹೋಗಿ, 2013ರಲ್ಲಿ ಬ್ರಾಡ್ ಗೇಜ್ ಆಗಿ ಮರಳಿ ಬಂದಿತು. ಆದರೆ ನಡುವಿನ ವರ್ಷಗಳಲ್ಲಿ ನಮ್ಮ ಹಣ್ಣು ರೈಲನ್ನು ಮರೆತು ರಸ್ತೆಗೆ ಒಗ್ಗಿಹೋಗಿತ್ತು.

ರಸ್ತೆಯ ಮೊದಲ ದೊರೆ ಲಾರಿ. 1954ರಿಂದ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆಗೂಡಿ ತಯಾರಿಸಿದ ಲಾರಿಗಳ ಮುಖದ ಮೇಲೆ ಮೂರು ಕೋನದ ನಕ್ಷತ್ರವಿರುತ್ತಿತ್ತು. 1969ರಲ್ಲಿ ಆ ಒಪ್ಪಂದ ಮುಗಿದ ಮೇಲೂ ನಮ್ಮೂರಿನವರು ಬಹಳ ವರ್ಷ ಅದನ್ನು 'ಬೆಂಜ್ ಲಾರಿ' ಎಂದೇ ಕರೆದರು. ಮರದ ಮೈಯ ಆ ಲಾರಿ ದೊಡ್ಡ ತೋಟದವರ ಬಾಗಿಲಿಗೆ ಮಾತ್ರ ಬರುತ್ತಿತ್ತು. ಎರಡು ಎಕರೆಯವನು ಲಾರಿ ತುಂಬಿಸುವುದು ಹೇಗೆ? ಹತ್ತು ಜನರ ಮಾಲು ಕೂಡಿದರೆ ಒಂದು ಲಾರಿ. ಕೂಡಿಸುವವನು ದಲ್ಲಾಳಿ. ಅವನು ಬಂದ ದಿನವೇ ಕೊಯ್ಲು, ಅವನು ಹೇಳಿದ ಊರೇ ಮಾರುಕಟ್ಟೆ. ಬೆಂಗಳೂರಿನ ಸಿಟಿ ಮಾರ್ಕೆಟ್ಟೋ, ಮದರಾಸಿನ ಕೊತ್ತವಾಲ್ ಚಾವಡಿಯೋ ಅವನೇ ತೀರ್ಮಾನಿಸುತ್ತಿದ್ದ.

ಹಣ್ಣು ಹೋದ ಎಂಟು ಹತ್ತು ದಿನಗಳ ಮೇಲೆ 'ಪಟ್ಟಿ' ಬರುತ್ತಿತ್ತು. ಈ ಶಬ್ದವನ್ನು ಇಂದಿನ ಮಕ್ಕಳು ಕೇಳಿರಲಾರರು. ಮಂಡಿಯವನು ಕಳಿಸುವ ಲೆಕ್ಕದ ಚೀಟಿಯೇ ಪಟ್ಟಿ. ಇಷ್ಟು ಬುಟ್ಟಿ, ಇಷ್ಟು ದರ ಎಂದು ಮೇಲೆ ಬರೆದು, ಕೆಳಗೆ ಲಾರಿ ಬಾಡಿಗೆ, ಕೂಲಿ, ಕಮಿಷನ್, ಕೊಳೆತದ್ದು ಎಂದು ಒಂದೊಂದಾಗಿ ಕಳೆದು, ಉಳಿದುದನ್ನು ಕೊನೆಯಲ್ಲಿ ಬರೆದಿರುತ್ತಿತ್ತು. ನನ್ನ ತಂದೆಯವರು ಪಟ್ಟಿಯನ್ನು ಎರಡು ಸಲ ಓದಿ, ಮಡಚಿ, ತೊಲೆಯ ಸಂದಿಯಲ್ಲಿ ಸಿಕ್ಕಿಸುತ್ತಿದ್ದರು. ಒಮ್ಮೆಯೂ ಅವರು ತಮ್ಮ ಹಣ್ಣು ಹರಾಜಾಗುವುದನ್ನು ಕಣ್ಣಾರೆ ನೋಡಲಿಲ್ಲ. ಕೊಳೆತದ್ದೆಷ್ಟು ಎಂಬುದಕ್ಕೆ ಮಂಡಿಯವನ ಅಕ್ಷರವೇ ಸಾಕ್ಷಿ.

ಲಾರಿಗೂ ಗಾಡಿಗೂ ನಡುವಿನ ವಾಹನವಾಗಿ ಬಂದದ್ದು ಟೆಂಪೋ. ಇದು ಕನ್ನಡದಲ್ಲಿ ಒಂದು ಜಾತಿಯ ವಾಹನದ ಹೆಸರೇ ಆಗಿಹೋಗಿದೆ. ವಾಸ್ತವವಾಗಿ ಅದು ಜರ್ಮನಿಯ ಹ್ಯಾಂಬರ್ಗಿನ ಒಂದು ಕಾರ್ಖಾನೆಯ ವಾಹನಗಳ ಹೆಸರು. ಅದರ ಸಹಯೋಗದಿಂದ 1958ರಲ್ಲಿ ಆರಂಭವಾದ ಬಜಾಜ್ ಟೆಂಪೋ ಸಂಸ್ಥೆ ಮೊದಲು ಮೂರು ಚಕ್ರದ ವಾಹನವನ್ನೂ, ಅನಂತರ ಮೆಟಡಾರನ್ನೂ ತಯಾರಿಸಿತು. ಆ ಸಂಸ್ಥೆ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು, ನಮ್ಮ ನಾಲಿಗೆಯ ಮೇಲೆ ಮಾತ್ರ ಟೆಂಪೋ ಉಳಿಯಿತು. 1980ರ ದಶಕದ ಮಧ್ಯದಲ್ಲಿ ಜಪಾನಿನ ನಾಲ್ಕು ಸಂಸ್ಥೆಗಳು ಭಾರತದ ಸಂಸ್ಥೆಗಳ ಜೊತೆ ಸೇರಿ ಸಣ್ಣ ಲಾರಿಗಳನ್ನು ತಂದವು: ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್. ಅವಕ್ಕೆ ಉತ್ತರವಾಗಿ ಟಾಟಾದವರು 1986ರಲ್ಲಿ 407 ಹೊರತಂದರು. ನಾನು ಆಗ ಹೊಸದಾಗಿ ಉಪಾಧ್ಯಾಯನಾಗಿದ್ದೆ. ನಮ್ಮ ಶಾಲೆಯ ಮುಂದೆ ಮೊದಲ 407 ಬಂದು ನಿಂತ ದಿನ ಏಳನೆಯ ಪೀರಿಯಡ್ಡಿನಲ್ಲಿ ಪಾಠ ನಡೆಯಲಿಲ್ಲ.

ಪಿಕಪ್ ಎಂಬುದು ಇವಕ್ಕಿಂತಲೂ ಚಿಕ್ಕದು. ಮುಂದೆ ಕಾರಿನಂತೆ ಇಬ್ಬರು ಮೂವರು ಕೂರುವ ಗೂಡು, ಹಿಂದೆ ತೆರೆದ ತೊಟ್ಟಿ. ಶಬ್ದವೂ ರೂಪವೂ ಅಮೆರಿಕದಿಂದ ಬಂದವು. ಅಲ್ಲಿನ ರೈತರು ತಮ್ಮ ಫೋರ್ಡ್ ಕಾರಿನ ಹಿಂಭಾಗಕ್ಕೆ ತಾವೇ ಪೆಟ್ಟಿಗೆ ಜೋಡಿಸಿಕೊಳ್ಳುತ್ತಿದ್ದುದನ್ನು ಕಂಡು, 1925ರಲ್ಲಿ ಫೋರ್ಡ್ ಸಂಸ್ಥೆಯೇ ತನ್ನ ಮಾಡೆಲ್ ಟಿ ಕಾರಿಗೆ ಪಿಕಪ್ ತೊಟ್ಟಿಯನ್ನು ಕಾರ್ಖಾನೆಯಲ್ಲೇ ಕೂಡಿಸಿ ಮಾರಲು ತೊಡಗಿತು.

ಟೆಕ್ಸಾಸಿನಲ್ಲಿರುವ ನನ್ನ ಸೋದರಳಿಯನ ಬಳಿ ಅದೇ ವಂಶದ ಎಫ್-150 ಇದೆ. ಹೆಚ್ಚುಕಡಿಮೆ ಆರು ಮೀಟರ್ ಉದ್ದ. ಅವನು ಕಳಿಸಿದ ಚಿತ್ರದಲ್ಲಿ ಅದರ ತೊಟ್ಟಿಯಲ್ಲಿದ್ದದ್ದು ಮಗನ ಒಂದು ಸೈಕಲ್ಲು. ಅಲ್ಲಿ ಇಂಥ ದೊಡ್ಡ ಪಿಕಪ್‌ಗಳೇ ಏಕೆ ಹೆಚ್ಚು ಎಂಬುದರ ಹಿಂದೆ ಒಂದು ಕೋಳಿಯ ಕಥೆಯಿದೆ. ಅಮೆರಿಕದ ಅಗ್ಗದ ಕೋಳಿಮಾಂಸದ ಮೇಲೆ ಯೂರೋಪಿನ ದೇಶಗಳು ಸುಂಕ ಏರಿಸಿದಾಗ, ಅದಕ್ಕೆ ಪ್ರತಿಯಾಗಿ ಅಮೆರಿಕವು 1964ರಿಂದ ಆಮದಾಗುವ ಹಗುರ ಟ್ರಕ್ಕುಗಳ ಮೇಲೆ ಶೇಕಡ 25 ಸುಂಕ ಹಾಕಿತು. ಕೋಳಿಯ ಜಗಳ ಮರೆತುಹೋದರೂ ಟ್ರಕ್ಕಿನ ಸುಂಕ ಹೋಗಲಿಲ್ಲ. ಹೊರಗಿನ ಸಣ್ಣ ಪಿಕಪ್‌ಗಳಿಗೆ ಬಾಗಿಲು ಬಿಗಿಯಾಯಿತು, ಒಳಗಿನ ದೊಡ್ಡವು ಇನ್ನೂ ದೊಡ್ಡವಾಗಲು ಅದೂ ಒಂದು ಕಾರಣವಾಯಿತು.

ನಮ್ಮ ಪಿಕಪ್ಪಿನ ಗಾತ್ರವನ್ನು ನಿರ್ಧರಿಸುವುದರಲ್ಲೂ ಕಾನೂನಿನ ಕೈವಾಡವಿದೆ. 1989ರ ಜುಲೈನಿಂದ ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಹೊರೆಯೂ ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಆದ್ದರಿಂದಲೇ ನಮ್ಮ ಅನೇಕ ಪಿಕಪ್‌ಗಳು ಆ ಗೆರೆಯ ಸ್ವಲ್ಪ ಕೆಳಗೇ ನಿಲ್ಲುವಂತೆ ರೂಪುಗೊಂಡವು. ಟಾಟಾದವರ ಟಾಟಾಮೊಬೈಲ್ 1988ರಲ್ಲಿ ಬಂದಿತು. 1947ರಿಂದ ವಿಲ್ಲಿಸ್ ಜೀಪುಗಳನ್ನು ಜೋಡಿಸುತ್ತ ಬಂದ ಮಹೀಂದ್ರಾದವರ ಬೊಲೆರೊ 2000ದಲ್ಲಿ ಬಂದು, ಮುಂದೆ ಅದರ ಪಿಕಪ್ ನಮ್ಮ ಜಿಲ್ಲೆಯ ಹೊಲದ ದಾರಿಗಳಲ್ಲೆಲ್ಲ ಕಾಣಿಸಿಕೊಂಡಿತು. 2005ರಲ್ಲಿ ಎರಡು ಸಿಲಿಂಡರಿನ ಪುಟ್ಟ ಟಾಟಾ ಏಸ್ ಬಂದಿತು. ಪರ್ಮಿಟ್ಟಿನ ಓಡಾಟವಿಲ್ಲ, ಮುಂಗಡಕ್ಕೆ ಸ್ವಲ್ಪ ಹಣವಿದ್ದರೆ ಉಳಿದುದನ್ನು ಸಾಲ ಕೊಡುವವರಿದ್ದಾರೆ. ಎಸ್.ಎಸ್.ಎಲ್.ಸಿ. ದಾಟದ ಹುಡುಗನೂ ವಾಹನದ ಯಜಮಾನನಾಗಬಹುದಾದ ಕಾಲ ಬಂದಿತು.

ಅಂಥ ಹುಡುಗರಲ್ಲಿ ನನ್ನ ಈ ವಿದ್ಯಾರ್ಥಿ ಒಬ್ಬ. ಗಣಿತದಲ್ಲಿ ಎರಡು ಸಲ ನಪಾಸಾಗಿ ಓದು ಬಿಟ್ಟ. ಹತ್ತು ಹನ್ನೆರಡು ವರ್ಷ ಬೇರೆಯವರ ಟೆಂಪೋ ಓಡಿಸಿದ. 2008ರಲ್ಲಿ ಸ್ವಂತ ಪಿಕಪ್ ಕೊಳ್ಳಬೇಕೆಂದು ನಿರ್ಧರಿಸಿ, ಕೋಲಾರದಲ್ಲಿದ್ದ ನನ್ನ ಮನೆಗೆ ಒಂದು ಫಾರಂ ಹಿಡಿದುಕೊಂಡು ಬಂದ. ಸರ್ಕಾರಿ ನೌಕರರೊಬ್ಬರು ಜಾಮೀನು ಹಾಕಿದರೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ ಎಂದ. ನಾನು ನಾಳೆ ಬಾ ಎಂದೆ. ಮರುದಿನ ಬಂದಾಗ, ಕೂಡುವ ಕಳೆಯುವ ಲೆಕ್ಕವೇ ಬಾರದವನು ಲಕ್ಷಗಳ ಸಾಲವನ್ನು ಹೇಗೆ ನಿಭಾಯಿಸುತ್ತೀ ಎಂದು ಕೇಳಿದೆ. ಬುದ್ಧಿವಾದ ಹೇಳಿದೆ. ಸಹಿ ಹಾಕಲಿಲ್ಲ. ಅವನು ಎದುರು ಮಾತಾಡಲಿಲ್ಲ. ಕಾಫಿ ಕುಡಿದು, ನಮಸ್ಕಾರ ಮಾಡಿ ಹೋದ. ಆ ದಿನ ನನ್ನ ಪತ್ನಿ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಾನು ಮಾಡಿದ್ದು ವಿವೇಕದ ಕೆಲಸವೆಂದೇ ಬಹಳ ವರ್ಷ ನಂಬಿದ್ದೆ.

ಮೊದಲ ಪುಸ್ತಕದ ಮೊದಲ ಪುಟವನ್ನು ತೆರೆದಾಗ ಅಲ್ಲಿ ವಾಹನ ಕೊಳ್ಳಲು ಆದ ಖರ್ಚಿನ ವಿವರವಿತ್ತು. ಮುಂಗಡ, ವಿಮೆ, ನೋಂದಣಿ, ಟಾರ್ಪಾಲು, ಹಗ್ಗ, ಕೋಲಾರಮ್ಮನಿಗೆ ಪೂಜೆ. ಅವುಗಳ ನಡುವೆ ಒಂದು ಸಾಲು: 'ಮೇಷ್ಟ್ರ ಮನೆಗೆ ಬಸ್ ಚಾರ್ಜು, 2 ಸಲ.' ಅದರ ಕೆಳಗಿನ ಸಾಲಿನಲ್ಲಿ ಖಾಸಗಿ ಫೈನಾನ್ಸಿನವರು ಹಾಕಿದ ಬಡ್ಡಿಯ ದರವಿತ್ತು. ಎರಡು ಸಾಲುಗಳ ನಡುವೆ ಅವನು ಏನನ್ನೂ ಬರೆದಿರಲಿಲ್ಲ. ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಅಡ್ಡಾಡಿ ಬಂದೆ.

ಇನ್ನು ಪುಸ್ತಕಗಳ ವಿಷಯ. ಪ್ರತಿ ಸಾಲಿನಲ್ಲಿ ತಾರೀಖು, ಮಾಲು, ಯಾರದು, ಎಲ್ಲಿಗೆ, ಬಾಡಿಗೆ, ಡೀಸೆಲ್, ಕೊನೆಗೆ 'ಬಂತು' ಅಥವಾ 'ಬಾಕಿ'. ಮೇ ಜೂನ್ ತಿಂಗಳುಗಳಲ್ಲಿ ಮಾವು, ಉಳಿದಂತೆ ಟೊಮೆಟೊ, ನಡುನಡುವೆ ರೇಷ್ಮೆಗೂಡು, ಹಿಂಡಿ, ಗೊಬ್ಬರ, ಮದುವೆಯ ಪಾತ್ರೆ, ಒಮ್ಮೆ ಗಣೇಶನ ಮೂರ್ತಿ. ಟೊಮೆಟೊ ಹೆಚ್ಚಾಗಿ ಕೋಲಾರದ ಎ.ಪಿ.ಎಂ.ಸಿ.ಗೆ, ಆಗಾಗ ಆಂಧ್ರದ ಮದನಪಲ್ಲಿಗೆ. ಎರಡೂ ದೊಡ್ಡ ಟೊಮೆಟೊ ಮಾರುಕಟ್ಟೆಗಳು. ಒಂದರಲ್ಲಿ ದರ ಬಿದ್ದರೆ ಇನ್ನೊಂದಕ್ಕೆ ತಿರುಗುವ ಸ್ವಾತಂತ್ರ್ಯ ನಮ್ಮ ಗಡಿ ಹೋಬಳಿಯವರಿಗೆ ಪಿಕಪ್ಪಿನಿಂದ ದೊರೆಯಿತು. 'ಮದನಪಲ್ಲಿಗೆ ಹೊರಟು, ದಾರಿಯಲ್ಲಿ ಫೋನ್ ಬಂದು, ಕೋಲಾರಕ್ಕೆ ವಾಪಸ್' ಎಂದು ಒಂದು ಕಡೆ ಬರೆದಿದ್ದಾನೆ. ಲಾರಿಯ ಕಾಲದಲ್ಲಿ ಇಂಥ ಒಂದು ವಾಕ್ಯ ಸಾಧ್ಯವೇ ಇರಲಿಲ್ಲ.

ಇನ್ನೊಂದು ಬದಲಾವಣೆ ಅದಕ್ಕಿಂತ ಮುಖ್ಯವಾದದ್ದು. ಚಾಲಕನ ಪಕ್ಕದ ಸೀಟಿನಲ್ಲಿ ಮಾಲಿನ ಯಜಮಾನನೇ ಕುಳಿತು ಹೋಗುತ್ತಾನೆ. 15 ಕಿಲೋದ ಪೆಟ್ಟಿಗೆ ಹರಾಜಿಗೆ ಬಂದಾಗ ಅಲ್ಲೇ ನಿಂತಿರುತ್ತಾನೆ. ಕೊಳೆತದ್ದೆಷ್ಟು ಎಂಬುದು ಅವನ ಕಣ್ಣಿಗೆ ಕಾಣುತ್ತದೆ. ನನ್ನ ತಂದೆಯವರಿಗೆ ಜೀವನದಲ್ಲಿ ಒಮ್ಮೆಯೂ ಸಿಗದ ಈ ಭಾಗ್ಯವು ಅವರ ಮೊಮ್ಮಕ್ಕಳ ಕಾಲಕ್ಕೆ ಎರಡು ಎಕರೆಯವನಿಗೂ ಸಿಕ್ಕಿತು. ಪಿಕಪ್ಪಿನ ಜೊತೆಗೆ ಮೊಬೈಲು ಫೋನೂ ಬಂದದ್ದರಿಂದ ಇದು ನಡೆಯಿತೆಂಬುದು ನಿಜ. ಆದರೆ ದರವನ್ನು ಕೇಳಿ ತಿಳಿದರೆ ಸಾಲದು, ಆ ದರವಿರುವಲ್ಲಿಗೆ ಮಾಲನ್ನು ಒಯ್ಯಬೇಕು.

ಮಾಲೀಕನ ಕಷ್ಟಗಳು ಬೇರೆಯೇ. ಮೊದಲನೆಯದು ಖಾಲಿ ವಾಪಸಾತಿ. ಹೋಗುವಾಗ ಹೊರೆ, ಬರುವಾಗ ಬರಿಯ ತೊಟ್ಟಿ, ಡೀಸೆಲ್ ಮಾತ್ರ ಎರಡೂ ಕಡೆ. ಬರುವಾಗ ಹಿಂಡಿಯ ಮೂಟೆಯೋ ಖಾಲಿ ಕ್ರೇಟುಗಳೋ ಸಿಕ್ಕ ದಿನ ಅವನ ಅಕ್ಷರ ಸ್ವಲ್ಪ ದುಂಡಗಾಗಿದೆ. ಎರಡನೆಯದು ಹೊರೆ. ಕಾಗದದಲ್ಲಿ ಒಂದು ಟನ್ನು ಎಂದಿದ್ದರೂ ಅಷ್ಟೇ ತುಂಬಿದರೆ ಬಾಡಿಗೆ ಗಿಟ್ಟುವುದಿಲ್ಲ. ಹಿಂದಿನ ಸ್ಪ್ರಿಂಗಿಗೆ ಎರಡು ಪಟ್ಟಿ ಹೆಚ್ಚು ಸೇರಿಸಿ, ತೊಟ್ಟಿಯ ಸುತ್ತ ಹಲಗೆ ಎತ್ತರಿಸಿ, ಒಂದೂವರೆ ತುಂಬುವುದು ಎಲ್ಲರ ರೂಢಿಯಾಯಿತು. ಅದರ ದಂಡ ಟೈರು, ಕ್ಲಚ್ಚು, ಬ್ರೇಕುಗಳ ಲೆಕ್ಕದಲ್ಲಿ ತೀರಿದೆ. ಮೂರನೆಯ ವರ್ಷ ಗೇರ್ ಬಾಕ್ಸ್ ಹೋಯಿತು. ತಪ್ಪು ತಯಾರಿಸಿದವರದೋ ತುಂಬಿದವನದೋ ಎಂದು ನಾನು ಕೇಳಿದಾಗ, "ಎರಡೂ ಸಾರ್, ನಂದು ಸ್ವಲ್ಪ ಜಾಸ್ತಿ" ಎಂದ. ಆ ವಾಹನದ ಕಂಪನಿಯ ಹೆಸರು ಇಲ್ಲಿ ಬೇಡ.

ಡೀಸೆಲ್ಲಿನ ಕಥೆಯೇ ಒಂದು ಅಧ್ಯಾಯ. 2014ರ ಅಕ್ಟೋಬರಿನಲ್ಲಿ ಸರ್ಕಾರ ಅದರ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. 2017ರ ಜೂನಿನಿಂದ ಬೆಲೆ ದಿನಾ ಬದಲಾಗತೊಡಗಿತು. 2021ರ ಅಕ್ಟೋಬರಿನಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿತು. ಆ ದಿನ ಅವನು ಅಂಕಿಯ ಸುತ್ತ ಒಂದು ವೃತ್ತ ಎಳೆದಿದ್ದಾನೆ, ನಾವು ತಪ್ಪು ಲೆಕ್ಕದ ಸುತ್ತ ಕೆಂಪು ಮಸಿಯಲ್ಲಿ ಎಳೆಯುತ್ತಿದ್ದಂತೆ.

ಮೊದಲ ಎರಡು ಪುಸ್ತಕಗಳಲ್ಲಿ 'ಆಸ್ಪತ್ರೆ, ಬಾಡಿಗೆ ಇಲ್ಲ' ಎಂಬ ಸಾಲುಗಳು ತುಂಬ ಇವೆ. ಹೆರಿಗೆ, ಹಾವು ಕಡಿತ, ಎದೆನೋವು. ಸರಕಿನ ವಾಹನದಲ್ಲಿ ಜನರನ್ನು ಸಾಗಿಸುವುದು ನಿಯಮಕ್ಕೆ ವಿರುದ್ಧ. ಆದರೆ ನಡುರಾತ್ರಿ ಬಾಗಿಲು ತಟ್ಟಿದವರಿಗೆ ನಿಯಮ ಹೇಳುವುದು ಸಾಧ್ಯವೇ? ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರಿನಲ್ಲಿ ಆರಂಭವಾಯಿತು. ಅದರ ಮೇಲೆ ನಮ್ಮ ಹಳ್ಳಿಗಳಿಗೆ ಭರವಸೆ ಮೂಡಲು ಕೆಲವು ವರ್ಷ ಹಿಡಿಯಿತು. ಮೂರನೆಯ ಪುಸ್ತಕದಿಂದ ಈ ಸಾಲುಗಳು ವಿರಳವಾಗುತ್ತವೆ. ಆರೋಗ್ಯ ಸೇವೆಯ ಚರಿತ್ರೆಯನ್ನೂ ಈ ಪುಸ್ತಕಗಳಿಂದ ಬರೆಯಬಹುದು ಎಂದು ಆಗ ನನಗೆ ಹೊಳೆಯಿತು.

ಈಗ 'ಬಾಕಿ' ಎಂಬ ಕೊನೆಯ ಕಲಮಿಗೆ ಬರುತ್ತೇನೆ. ಲಾರಿಯ ಕಾಲದಲ್ಲಿ ಬಾಡಿಗೆಯನ್ನು ಮಂಡಿಯವನು ಪಟ್ಟಿಯಲ್ಲೇ ಮುರಿದುಕೊಂಡು ಲಾರಿಯವನಿಗೆ ಕೊಡುತ್ತಿದ್ದ. ಲಾರಿಯ ಯಜಮಾನ ಪಟ್ಟಣದಲ್ಲಿದ್ದ, ರೈತನ ಮುಖ ಅವನಿಗೆ ಗೊತ್ತಿರಲಿಲ್ಲ. ಪಿಕಪ್ಪಿನ ಯಜಮಾನ ಅದೇ ಬೀದಿಯವನು, ಮಾವನೋ ಚಿಕ್ಕಪ್ಪನೋ ಆಗಬೇಕಾದವನು. ಟೊಮೆಟೊ ದರ ನೆಲಕಚ್ಚಿದ ದಿನ, ಮಂಡಿಯಲ್ಲಿ ಸಿಕ್ಕ ಹಣ ಕೂಲಿಗೇ ಸಾಲದಾದಾಗ, ಪಕ್ಕದ ಸೀಟಿನಲ್ಲಿ ತಲೆ ತಗ್ಗಿಸಿ ಕುಳಿತ ಮನುಷ್ಯನನ್ನು ಬಾಡಿಗೆ ಕೇಳುವುದು ಹೇಗೆ? 'ಬಾಕಿ' ಎಂದು ಬರೆಯುತ್ತಾನೆ. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ಲಾಕ್‌ಡೌನಿನ ದಿನಗಳಲ್ಲಿ, ಕೋಲಾರದ ರೈತರು ಟೊಮೆಟೊವನ್ನು ರಸ್ತೆಬದಿಗೆ ಸುರಿದದ್ದನ್ನು ನೀವು ಪತ್ರಿಕೆಗಳಲ್ಲಿ ನೋಡಿದ್ದೀರಿ. ಆ ಪುಟದಲ್ಲಿ 'ಬಂತು' ಎಂಬ ಶಬ್ದ ಒಂದು ಸಲವೂ ಇಲ್ಲ.

ಪಿಕಪ್ಪಿನ ಚರಿತ್ರೆಯಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಅದು ರೈತನನ್ನು ದಲ್ಲಾಳಿಯ ಕೈಯಿಂದ ಬಿಡಿಸಿತು. ಆದರೆ ನಷ್ಟ ಎಂಬುದು ಎಲ್ಲಿಗೂ ಮಾಯವಾಗುವುದಿಲ್ಲ, ಅದು ಯಾರದೋ ಹೆಗಲಿಗೆ ಹೋಗಿ ಕೂರಬೇಕು. ನಮ್ಮೂರಿನಲ್ಲಿ ಅದರ ಒಂದು ಪಾಲು ಪಿಕಪ್ಪಿನ ಯಜಮಾನನ ಕೊನೆಯ ಕಲಮಿನಲ್ಲಿ ಬಂದು ಕೂತಿತು. ಊರಿನವರಿಗೆಲ್ಲ ಅವನು ಸಾಲಗಾರನಲ್ಲದ ಸಾಲಿಗನಾದ. ಅವನು ಫೈನಾನ್ಸಿನವರಿಗೆ ತಿಂಗಳ ತಿಂಗಳ ಕಂತನ್ನು ತಾರೀಖು ತಪ್ಪದೆ ಕಟ್ಟಬೇಕು. ಅವನಿಗೆ ಬರಬೇಕಾದದ್ದಕ್ಕೆ ತಾರೀಖೇ ಇಲ್ಲ.

2011ರ ಮಾವಿನ ಸುಗ್ಗಿಯಲ್ಲಿ ಈ ಲೆಕ್ಕ ತಪ್ಪಿತು. ಮೂರು ಕಂತು ನಿಂತಿದ್ದವು. ಹೆದ್ದಾರಿಯ ಪಕ್ಕದ ಹೋಟೆಲಿನ ಬಳಿ ವಸೂಲಿಯವರು ಹೊರೆ ಸಮೇತ ವಾಹನವನ್ನು ತಡೆದರು. ಅವನು ಬೇಡಿಕೊಂಡದ್ದು ಒಂದನ್ನೇ: ಹಣ್ಣು ತನ್ನದಲ್ಲ, ಎರಡು ಗಂಟೆ ಸಮಯ ಕೊಡಿ ಎಂದು. ಬೇರೊಂದು ವಾಹನ ತರಿಸಿ, ಹಣ್ಣನ್ನು ಅದಕ್ಕೆ ತುಂಬಿ ಕಳಿಸಿ, ಬೀಗದ ಕೈಯನ್ನು ಕೊಟ್ಟು, ಬಸ್ಸಿನಲ್ಲಿ ಊರಿಗೆ ಬಂದ. ಪುಸ್ತಕದಲ್ಲಿ ಮುಂದಿನ ಹತ್ತೊಂಬತ್ತು ದಿನಗಳ ತಾರೀಖುಗಳನ್ನು ಒಂದರ ಕೆಳಗೊಂದು ಬರೆದಿದ್ದಾನೆ. ಅವುಗಳ ಎದುರಿಗೆ ಏನೂ ಇಲ್ಲ. ಇಪ್ಪತ್ತನೆಯ ದಿನದ ಎದುರು 'ಅವಳ ಸರ, ಗಾಡಿ ಬಂತು' ಎಂದಿದೆ. ನಾನು ಅಂದು ಸಹಿ ಹಾಕಿದ್ದರೆ ಬಡ್ಡಿ ಕಡಿಮೆಯಾಗುತ್ತಿತ್ತು, ಕಂತು ಚಿಕ್ಕದಾಗುತ್ತಿತ್ತು, ಬಹುಶಃ ಆ ಹತ್ತೊಂಬತ್ತು ಸಾಲುಗಳು ಖಾಲಿ ಉಳಿಯುತ್ತಿರಲಿಲ್ಲ. ಬಹುಶಃ ಎನ್ನುತ್ತೇನೆ. ಹಾಗಾಗಿದ್ದರೆ ಎಂಬುದು ಚರಿತ್ರೆಯಲ್ಲಿ ಇಲ್ಲವೆಂದು ನಿಮಗೆಲ್ಲ ಪಾಠ ಹೇಳಿದವನೇ ನಾನು. ಆದರೂ ಆ ಪುಟದ ಮೇಲೆ ಬಹಳ ಹೊತ್ತು ಕೂತಿದ್ದೆ.

2020ರ ಮಾರ್ಚಿನಲ್ಲಿ ದೇಶವೆಲ್ಲ ಬೀಗ ಹಾಕಿಕೊಂಡಾಗ ಸರಕು ವಾಹನಗಳಿಗೆ ಅನುಮತಿಯಿತ್ತು. ಆ ಸುಗ್ಗಿಯಲ್ಲಿ ಅವನು ನಮ್ಮ ತೋಟಗಳ ಹಣ್ಣನ್ನು ನೇರವಾಗಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಒಯ್ದ. ವಾಹನದಿಂದ ಕೆಳಗಿಳಿಯಬಾರದು, ಪೆಟ್ಟಿಗೆಯನ್ನು ಗೇಟಿನ ಬಳಿಯೇ ಇಡಬೇಕು ಎಂದು ಷರತ್ತು. ಇಪ್ಪತ್ತನಾಲ್ಕು ಗಂಟೆ ಯಾರ ಮುಖವನ್ನೂ ಹತ್ತಿರದಿಂದ ನೋಡದೆ ವ್ಯಾಪಾರ ಮಾಡಿ ಬಂದೆ ಎಂದು ಹೇಳಿದ. ಆ ವೇಳೆಗೆ ಗೇರ್ ಬಾಕ್ಸು, ಎಂಜಿನ್ ಕೆಲಸಕ್ಕೆಂದು ಹೊಸದೊಂದು ಸಾಲ ಮಾಡಿದ್ದ. ರಿಸರ್ವ್ ಬ್ಯಾಂಕು ಆಗಸ್ಟಿನವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಮುಂದೂಡಿದ್ದು ಕಂತು ಮಾತ್ರ, ಬಡ್ಡಿ ಬೆಳೆಯುತ್ತಲೇ ಇತ್ತು ಎಂಬುದು ಆಮೇಲೆ ತಿಳಿಯಿತು.

2023ರ ಜುಲೈ ಇದಕ್ಕೆ ತದ್ವಿರುದ್ಧ. ಕೋಲಾರದಲ್ಲಿ ಟೊಮೆಟೊ ಪೆಟ್ಟಿಗೆ 2,000 ರೂಪಾಯಿ ದಾಟಿತು. ಹಿರಿಯೂರಿನ ಕಡೆಯಿಂದ ಕೋಲಾರಕ್ಕೆ ಟೊಮೆಟೊ ತರುತ್ತಿದ್ದ ಪಿಕಪ್ಪೊಂದನ್ನು ಬೆಂಗಳೂರಿನಲ್ಲಿ ಅಡ್ಡಗಟ್ಟಿ, ಹೊರೆ ಸಮೇತ ಅಪಹರಿಸಿದ ಸುದ್ದಿ ದೇಶವನ್ನೆಲ್ಲ ನಗಿಸಿತು. ಪಿಕಪ್ಪಿನವರು ನಗಲಿಲ್ಲ. ಆ ತಿಂಗಳು ಅವರು ಇಬ್ಬಿಬ್ಬರಾಗಿ ಜೊತೆಗೂಡಿ ಹೋದರು, ನಿದ್ದೆಗೆಂದು ಎಲ್ಲೂ ನಿಲ್ಲಿಸಲಿಲ್ಲ. ಆ ತಿಂಗಳ ಪುಟಗಳಲ್ಲಿ ಹಳೆಯ ಬಾಕಿಗಳೂ ಒಂದಷ್ಟು ತೀರಿವೆ. 2016ರ ಬಾಡಿಗೆಯನ್ನು 2023ರಲ್ಲಿ ಮನೆಗೆ ತಂದುಕೊಟ್ಟವರಿದ್ದಾರೆ. ನಮ್ಮ ಜನ ಕೊಡಬಾರದೆಂದು ಕೊಡದಿದ್ದವರಲ್ಲ.

ಕೊನೆಯ ಪುಸ್ತಕದ ಕೊನೆಯ ಪುಟಗಳು 2025ರ ಜೂನ್ ತಿಂಗಳವು. ನಮ್ಮ ತೋತಾಪುರಿಗೆ ಚಿತ್ತೂರಿನ ತಿರುಳು ಕಾರ್ಖಾನೆಗಳೇ ದೊಡ್ಡ ಆಸರೆ. ಆ ತಿಂಗಳ 7ರಂದು ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿಗೆ ಪ್ರವೇಶ ನಿಷೇಧಿಸಿತು. ಗಡಿಯಲ್ಲಿ ವಾಹನಗಳು ನಿಂತವು, ಶ್ರೀನಿವಾಸಪುರದಲ್ಲಿ ಬೆಳೆಗಾರರು ಬೀದಿಗಿಳಿದರು, ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ತಿಂಗಳ ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿಯ ದರಕ್ಕೆ, ಎರಡೂವರೆ ಲಕ್ಷ ಟನ್ನುಗಳವರೆಗೆ, ಬೆಲೆಯ ವ್ಯತ್ಯಾಸ ತುಂಬಿಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೆಳೆದವನಿಗೆ ಪರಿಹಾರವುಂಟು. ಗಡಿಯಿಂದ ಹೊರೆಯನ್ನು ಹಿಂದಕ್ಕೆ ತಂದವನ ಡೀಸೆಲ್ಲಿಗೆ ಯಾವ ಯೋಜನೆಯಲ್ಲೂ ಕಲಮಿಲ್ಲ. 'ಹೋಗಿ ವಾಪಸ್, ಮಾಲು ಹಾಗೇ ಇದೆ, ಬಾಕಿ.' ಆ ಪುಸ್ತಕದಲ್ಲಿ ಕೊನೆಯಿಂದ ಮೂರನೆಯ ಸಾಲು ಇದು.

ಹಳೆಯ ಅಭ್ಯಾಸ ಬಿಡುವುದಿಲ್ಲ. ಐದೂ ಪುಸ್ತಕಗಳ ಕೂಡುವ ಲೆಕ್ಕವನ್ನು ನಾನು ಪೆನ್ಸಿಲ್ ಹಿಡಿದು ಪರೀಕ್ಷಿಸಿದೆ. ಹದಿನೇಳು ವರ್ಷಗಳಲ್ಲಿ ಎರಡೇ ತಪ್ಪು ಸಿಕ್ಕವು, ಎರಡೂ ಅವನಿಗೇ ನಷ್ಟವಾಗುವಂಥವು. ಬಾಕಿಯ ಕಲಮನ್ನು ಕೂಡಿದೆ. ಎರಡು ಲಕ್ಷ ರೂಪಾಯಿಗೂ ಮೇಲಾಯಿತು. ಕಳೆದ ತಿಂಗಳು ಅವನು ಮತ್ತೆ ಬಂದಾಗ ಈ ಮೊತ್ತವನ್ನು ತೋರಿಸಿದೆ. "ಗೊತ್ತು ಸಾರ್" ಎಂದ. ವಾಹನದಿಂದ ಒಟ್ಟಿನಲ್ಲಿ ಲಾಭವಾಯಿತೇ ನಷ್ಟವಾಯಿತೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಮಗಳ ನರ್ಸಿಂಗ್ ಓದು, ಮನೆಗೆ ತಾರಸಿ ಒಂದು ಕಡೆ, ಸೊಂಟನೋವು, ಮಾರಿದ ಅರ್ಧ ಎಕರೆ ಇನ್ನೊಂದು ಕಡೆ ಎಂದು ಎರಡು ಕೈಗಳನ್ನು ತಕ್ಕಡಿಯಂತೆ ಹಿಡಿದು ತೋರಿಸಿದ. ಯಾವ ಕೈ ಕೆಳಗಿತ್ತೆಂದು ನನಗೆ ಗೊತ್ತಾಗಲಿಲ್ಲ.

ಹೊಸ ಪಿಕಪ್ ಕೊಳ್ಳುತ್ತಿದ್ದಾನೆ, ಈ ಸಲ ಮಗನ ಹೆಸರಿನಲ್ಲಿ. ಹಗುರ ವಾಹನದ ಲೈಸೆನ್ಸಿನಲ್ಲೇ 7,500 ಕಿಲೋವರೆಗಿನ ಸರಕು ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದ್ದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಜಾಮೀನು ಬೇಕೇನಪ್ಪ, ನನ್ನ ಸಹಿಗೆ ಈಗ ಬೆಲೆಯಿದೆಯೋ ಇಲ್ಲವೋ ತಿಳಿಯದು, ಇದ್ದರೆ ಹಾಕುತ್ತೇನೆ ಎಂದೆ. ಅವನು ನಕ್ಕ. "ಈಗ ಗಾಡಿಯೇ ಜಾಮೀನು ಸಾರ್, ಯಾರ ಸಹಿಯೂ ಬೇಡ" ಎಂದ. ಬಸ್ ಚಾರ್ಜಿನ ಸಾಲನ್ನು ಓದಿದೆ ಎಂದು ಅವನಿಗೆ ಹೇಳಿದೆ. ಅವನು ತಲೆ ತಗ್ಗಿಸಿ, "ಖರ್ಚು ಬರೆದದ್ದು ಸಾರ್, ಬೇರೆ ಏನೂ ಇಲ್ಲ" ಎಂದ.

ಈ ಪುಸ್ತಕಗಳು ನನ್ನ ಬಳಿ ಭದ್ರವಾಗಿವೆ. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಇಂಥವು ಇರುತ್ತವೆ: ಡೈರಿಯ ಹಾಲಿನ ಪುಸ್ತಕ, ಗೂಡಿನ ಚೀಟಿ, ಅಜ್ಜನ ಕಾಲದ ಪಟ್ಟಿಗಳು. ನನ್ನ ತಂದೆಯವರು ತೊಲೆಯ ಸಂದಿಯಲ್ಲಿಟ್ಟ ಪಟ್ಟಿಗಳನ್ನು, ಮನೆ ಕೆಡವುವಾಗ, ಹರಕು ಕಾಗದವೆಂದು ನಾನೇ ಒಲೆಗೆ ಹಾಕಿದೆ. ನೀವು ಹಾಗೆ ಮಾಡಬೇಡಿ.